ಕೋಲು, ಕಾಲ, ಕೋನ

ಚಳಿಗಾಲದ ಇರುಳಿನಲ್ಲಿ ಮಹಾವ್ಯಾಧನ ಹಿಂದೆಯೇ ಪೂರ್ವದಿಕ್ಕಿನಿಂದ ಮೇಲೇರಿ ಬರುವ ಲುಬ್ಧಕ ನಕ್ಷತ್ರವು ನಮಗೆ ಎಷ್ಟು ದೂರದಲ್ಲಿರುವುದೆಂದು ತಿಳಿಯಬೇಕೆಂಬ ಕುತೂಹಲದಿಂದ ಜಿಜ್ಞಾಸುವಾದ ಓದುಗನೊಬ್ಬನು ಬೇರೆ ಬೇರೆ ಕಾಲದ ಖಗೋಳಗ್ರಂಥಗಳನ್ನು ಮುಂದಿಟ್ಟುಕೊಂಡು ಕುಳಿತನಾದರೆ, ಒಂದರಲ್ಲಿ 8.6 ಜ್ಯೋತಿರ್ವರ್ಷವೆಂದೂ, ಇನ್ನೊಂದರಲ್ಲಿ 2.64 ಪಾರ್ಸೆಕ್ ಎಂದೂ, ಮತ್ತೊಂದರಲ್ಲಿ 5,44,000 ಖಗೋಳಮಾನವೆಂದೂ, ಈಗ ಯಾರೂ ಬಳಸದ ಒಂದು ಸ್ವೀಡನ್ ದೇಶದ ಕ್ರಮವನ್ನು ಅನುಸರಿಸಿದರೆ 0.54 ಸಿರಿಯೋಮೀಟರ್ ಎಂದೂ ಅವನಿಗೆ ಉತ್ತರ ದೊರೆಯುವುದು. ಕಿಲೋಮೀಟರಿನಲ್ಲಿಯೇ ಹೇಳಬೇಕೆಂದು ಹಟ ಹಿಡಿದರೆ ಬರುವ ಸಂಖ್ಯೆ 81 ಲಕ್ಷ ಕೋಟಿ. ಓದುವುದಕ್ಕೇನೋ ಬರುತ್ತದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಕ್ಷತ್ರವು ಒಂದೇ, ದೂರವೂ ಒಂದೇ. ಹಾಗಿರುವಾಗ ಇಷ್ಟು ಮಾನಗಳೇಕೆ, ಒಂದರಿಂದ ಇನ್ನೊಂದಕ್ಕೆ ದಾಟುವ ಗುಣಕಗಳನ್ನು ನಿರ್ಣಯಿಸಿದವರಾರು, ಆ ಗುಣಕಗಳು ಎಂದೆಂದಿಗೂ ಅವೇ ಆಗಿದ್ದುವೇ ಎಂಬ ಪ್ರಶ್ನೆಗಳು ಏಳುವುದು ಸಹಜ. ಗುಣಾಕಾರವು ಪಾಠಶಾಲೆಯ ಬಾಲಕನಿಗೂ ಬರುವ ವಿದ್ಯೆ. ಆದರೆ ಗುಣಕದ ಹುಟ್ಟನ್ನು ವಿಚಾರಿಸತೊಡಗಿದರೆ ಎರಡು ಸಾವಿರ ವರ್ಷಗಳ ಖಗೋಳಶಾಸ್ತ್ರದ ಬಹುಭಾಗವನ್ನು ಮಗುಚಿ ನೋಡಬೇಕಾಗುವುದು.

ಮನುಷ್ಯನು ದೂರವನ್ನು ಅಳೆಯಲು ಮೂರು ಉಪಾಯಗಳನ್ನು ಮಾತ್ರ ಕಂಡುಕೊಂಡಿದ್ದಾನೆಂದು ನನ್ನ ಎಣಿಕೆ. ಕೋಲನ್ನಿಟ್ಟು ಅಳೆಯುವುದು ಮೊದಲನೆಯದು: ಮೊಳ, ಮಾರು, ಹರದಾರಿ, ಗಾವುದ, ಮೈಲಿ, ಕಿಲೋಮೀಟರುಗಳೆಲ್ಲ ಈ ಬಳಗಕ್ಕೆ ಸೇರಿದುವು. ಗೊತ್ತಾದ ವೇಗದಲ್ಲಿ ಚಲಿಸುವ ವಸ್ತುವೊಂದು ದಾರಿ ಸವೆಸಲು ತೆಗೆದುಕೊಳ್ಳುವ ಕಾಲದಿಂದ ಅಳೆಯುವುದು ಎರಡನೆಯದು. ಎತ್ತಿನ ಗಾಡಿಯ ಕಾಲದಲ್ಲಿ ಊರುಗಳ ನಡುವಣ ಅಂತರವನ್ನು ಒಂದು ದಿನದ ಹಾದಿ, ಎರಡು ದಿನದ ಹಾದಿ ಎಂದು ಹೇಳುತ್ತಿದ್ದವರು ಈ ಉಪಾಯವನ್ನು ಯಾವ ಶಾಸ್ತ್ರದ ನೆರವೂ ಇಲ್ಲದೆ ಬಲ್ಲವರಾಗಿದ್ದರು. ಎರಡು ತಾವುಗಳಿಂದ ಒಂದೇ ವಸ್ತುವನ್ನು ನೋಡಿ, ಅದು ತನ್ನ ಹಿನ್ನೆಲೆಯ ಮೇಲೆ ಎಷ್ಟು ಸರಿದಂತೆ ತೋರುವುದೆಂಬ ಕೋನದಿಂದ ಅಳೆಯುವುದು ಮೂರನೆಯದು. ನಮ್ಮ ಸಿದ್ಧಾಂತಿಗಳು ಇದನ್ನು ಲಂಬನವೆಂದು ಕರೆದರು. ಆಕಾಶದ ದೂರಗಳಿಗಾಗಿ ಹುಟ್ಟಿದ ಪ್ರತಿಯೊಂದು ಮಾನವೂ ಕೋಲು, ಕಾಲ, ಕೋನ ಈ ಮೂರರಲ್ಲೊಂದರ ಸಂತಾನ. ಒಂದು ಮಾನವನ್ನು ಇನ್ನೊಂದಕ್ಕೆ ಪರಿವರ್ತಿಸುವುದೆಂದರೆ ಒಂದು ಉಪಾಯದಿಂದ ಇನ್ನೊಂದು ಉಪಾಯಕ್ಕೆ ಹಾಯುವುದು. ಹಾಯುವ ಆ ಸೇತುವೆಯು ಎಷ್ಟು ಭದ್ರವೋ ಪರಿವರ್ತನೆಯೂ ಅಷ್ಟೇ ಭದ್ರ.

ನಮಗೆ ಹತ್ತಿರವಾದ ಯೋಜನದಿಂದಲೇ ಪ್ರಾರಂಭಿಸೋಣ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಅದರ ಕೋಷ್ಟಕವು ಸ್ಪಷ್ಟವಾಗಿದೆ: 24 ಅಂಗುಲಗಳಿಗೆ ಒಂದು ಹಸ್ತ, 4 ಹಸ್ತಗಳಿಗೆ ಒಂದು ದಂಡ, 2,000 ದಂಡಗಳಿಗೆ ಒಂದು ಕ್ರೋಶ, 4 ಕ್ರೋಶಗಳಿಗೆ ಒಂದು ಯೋಜನ, ಒಟ್ಟಿನಲ್ಲಿ ಯೋಜನಕ್ಕೆ 32,000 ಹಸ್ತಗಳಾದುವು. ಅವನಿಗಿಂತ ಆರು ಶತಮಾನಗಳಷ್ಟು ಹಿಂದೆಯೇ ಆರ್ಯಭಟನು 8,000 ಆಳುಗಳ ಎತ್ತರವು ಒಂದು ಯೋಜನವೆಂದಿದ್ದನು. ಆಳೊಂದಕ್ಕೆ ನಾಲ್ಕು ಹಸ್ತ ಹಿಡಿದರೆ ಇದೂ 32,000 ಹಸ್ತಗಳೇ. ಹೀಗೆ ಇಬ್ಬರ ಕೋಲೂ ಒಂದೇ ಎಂದು ತೋರುವುದಾದರೂ, ಭೂಮಿಯ ವ್ಯಾಸವನ್ನು ಕೇಳಿದೊಡನೆ ಆರ್ಯಭಟನು 1,050 ಯೋಜನವೆನ್ನುತ್ತಾನೆ, ಸೂರ್ಯಸಿದ್ಧಾಂತವು 1,600 ಎನ್ನುತ್ತದೆ, ಭಾಸ್ಕರನು 1,581 ಎಂದು ಹೇಳಿ ಅದರ ಮೇಲೆ ಇಪ್ಪತ್ತನಾಲ್ಕರಲ್ಲೊಂದಂಶವನ್ನೂ ಸೇರಿಸುತ್ತಾನೆ. ಭೂಮಿಯ ಸರಾಸರಿ ವ್ಯಾಸವು 12,742 ಕಿಲೋಮೀಟರ್ ಎಂದು ಈಗ ನಮಗೆ ಗೊತ್ತಿರುವುದರಿಂದ ಭಾಗಿಸಿ ನೋಡಬಹುದು. ಆರ್ಯಭಟನ ಯೋಜನವು ಸುಮಾರು 12.1 ಕಿಲೋಮೀಟರ್ ಆಗುವುದು. ಸೂರ್ಯಸಿದ್ಧಾಂತದ್ದು ಸುಮಾರು 7.96, ಭಾಸ್ಕರನದು 8.06. ಈ ಕೊನೆಯದನ್ನು ಮತ್ತೆ 32,000ದಿಂದ ಭಾಗಿಸಿದರೆ ಹಸ್ತವೊಂದಕ್ಕೆ ಇಪ್ಪತ್ತೈದು ಸೆಂಟಿಮೀಟರ್ ಬರುತ್ತದೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಇಪ್ಪತ್ತೈದು ಸೆಂಟಿಮೀಟರ್ ಮಾತ್ರ ಇರುವವನು ಎಳೆಯ ಬಾಲಕನಲ್ಲದೆ ಸಿದ್ಧಾಂತಶಿರೋಮಣಿಯನ್ನು ಬರೆದ ಗಣಿತಜ್ಞನಾಗಿರಲಾರನು.

ಇದರಿಂದ ಭಾಸ್ಕರನಿಗೆ ಲೆಕ್ಕ ಬಾರದೆಂದು ಭಾವಿಸುವುದು ಅವಿವೇಕ. ಗದ್ದೆಯನ್ನೂ ದಾರಿಯನ್ನೂ ಅಳೆಯುವ ಯೋಜನ ಬೇರೆ, ಆಕಾಶವನ್ನು ಅಳೆಯುವ ಯೋಜನ ಬೇರೆ. ಎರಡನೆಯದು ಹೆಸರಿಗೆ ಕೋಲಿನ ಮಾನವಾಗಿದ್ದರೂ ವಸ್ತುತಃ ಭೂವ್ಯಾಸದ ಒಂದು ಅಂಶವಾಗಿತ್ತು. ಗ್ರೀಕರು ಚಂದ್ರಸೂರ್ಯರ ದೂರವನ್ನು ಭೂಮಿಯ ತ್ರಿಜ್ಯಗಳಲ್ಲಿ ಹೇಳಿದರು. ಸಿದ್ಧಾಂತಿಗಳು ಅದನ್ನೇ ಯೋಜನಗಳ ಉಡುಗೆಯಲ್ಲಿ ಹೇಳಿದರು. ಆದುದರಿಂದ ಪುರಾತನ ಗ್ರಂಥಗಳ ಯೋಜನವನ್ನು ಮೊಳದ ಲೆಕ್ಕದಿಂದ ಕಿಲೋಮೀಟರಿಗೆ ತಿರುಗಿಸಿ, ಅದು ಆಧುನಿಕ ಮೌಲ್ಯಕ್ಕೆ ಕೂದಲೆಳೆಯಷ್ಟೂ ತಪ್ಪದೆ ಸರಿಹೊಂದುವುದೆಂದು ಸಂಭ್ರಮಿಸುವವರನ್ನು ಕಂಡಾಗ ನನಗೆ ಸಂಶಯವೇ ಹೆಚ್ಚು. ಐದರಿಂದ ಹದಿನೈದು ಕಿಲೋಮೀಟರಿನವರೆಗೆ ಎಳೆದಂತೆ ಬರುವ ಮಾನವನ್ನು ಕೈಯಲ್ಲಿ ಹಿಡಿದವನು ಬೇಕಾದ ಉತ್ತರವನ್ನು ಬೇಕಾದಾಗ ಪಡೆಯಬಲ್ಲನು. ಸಿದ್ಧಾಂತದ ಸಂಖ್ಯೆಗಳನ್ನು ಅದೇ ಸಿದ್ಧಾಂತದ ಭೂಮಿಯಿಂದಲೇ ಭಾಗಿಸುವುದೊಂದೇ ನ್ಯಾಯವಾದ ಮಾರ್ಗ. ಹಾಗೆ ಮಾಡಿದಲ್ಲಿ ಸೂರ್ಯಸಿದ್ಧಾಂತದ ಚಂದ್ರಕಕ್ಷೆಯ ಪರಿಧಿಯಾದ 3,24,000 ಯೋಜನಗಳಿಂದ ಚಂದ್ರನ ದೂರವು ಸುಮಾರು 64 ಭೂತ್ರಿಜ್ಯಗಳಷ್ಟಾಗುವುದು. ನಿಜವಾದ ಸರಾಸರಿ ಬೆಲೆಯು 60ಕ್ಕಿಂತ ತುಸು ಹೆಚ್ಚು. ಬರಿಗಣ್ಣಿನ ಶಾಸ್ತ್ರಕ್ಕೆ ಇದು ಕೀರ್ತಿ ತರುವ ಫಲಿತಾಂಶವೇ ಸರಿ.

ಚಂದ್ರನಿಂದಾಚೆಗೆ ಹೋದೊಡನೆ ಸಿದ್ಧಾಂತಿಗಳು ಉಪಾಯವನ್ನು ಬದಲಾಯಿಸಿದರು. ಚಂದ್ರನ ಲಂಬನವು ಸುಮಾರು 57 ಕಲೆಗಳಷ್ಟಿರುವುದರಿಂದ ಗ್ರಹಣಗಳ ಲೆಕ್ಕದಲ್ಲಿ ಅದನ್ನು ಹಿಡಿಯಬಹುದಾಗಿತ್ತು. ಸೂರ್ಯನದಾಗಲಿ ಗುರುಶನಿಗಳದಾಗಲಿ ಕಣ್ಣಿಗೆ ಸಿಕ್ಕುವಂಥದಲ್ಲ. ಆಗ ಅವರು, ಎಲ್ಲ ಗ್ರಹಗಳೂ ದಿನವೊಂದಕ್ಕೆ ಸಮಾನವಾದ ಯೋಜನಗಳನ್ನೇ ಕ್ರಮಿಸುವುವು, ದೂರದಲ್ಲಿರುವುದರ ಕಕ್ಷೆಯು ದೊಡ್ಡದಾದುದರಿಂದ ಅದು ಸುತ್ತಿ ಬರಲು ಹೆಚ್ಚು ಕಾಲ ಬೇಕು, ಅಷ್ಟೆ ಎಂದು ಗ್ರಹಿಸಿದರು. ಆರ್ಯಭಟನ ಪ್ರಕಾರ ಒಂದು ಮಹಾಯುಗದಲ್ಲಿ ಚಂದ್ರನು 5,77,53,336 ಸುತ್ತು ಸುತ್ತುವನು. ಅವನ ಕಕ್ಷೆಯು 2,16,000 ಯೋಜನ. ಇವೆರಡನ್ನು ಗುಣಿಸಿದರೆ 1,24,74,72,05,76,000 ಯೋಜನಗಳಾಗುವುವು. ಯುಗವೊಂದರಲ್ಲಿ ಪ್ರತಿಯೊಂದು ಗ್ರಹವೂ ಸಾಗುವ ದಾರಿಯು ಇದೇ, ಆಕಾಶಕಕ್ಷೆಯ ಪರಿಧಿಯೂ ಇದೇ. ಸೂರ್ಯಸಿದ್ಧಾಂತವು ಯುಗಕ್ಕೆ ಬದಲಾಗಿ ಸಾವಿರ ಯುಗಗಳ ಕಲ್ಪವನ್ನು ತೆಗೆದುಕೊಂಡು, ಚಂದ್ರಕಕ್ಷೆಯನ್ನು 3,24,000 ಯೋಜನವೆಂದು ಹಿಡಿದು, ಸೂರ್ಯಕಿರಣಗಳು ಹರಡುವ ಎಲ್ಲೆಯೆಂದು ಹೇಳಿ 18,71,20,80,86,40,00,000 ಯೋಜನಗಳನ್ನು ಕೊಡುತ್ತದೆ. ಎರಡನೆಯದು ಮೊದಲನೆಯದರ 1,500 ಪಟ್ಟು, ಒಂದು ಯೋಜನವೂ ಹೆಚ್ಚುಕಡಮೆಯಿಲ್ಲದೆ. ಸಾವಿರವು ಕಲ್ಪದಿಂದಲೂ ಒಂದೂವರೆಯು ಕಕ್ಷೆಯ ಭೇದದಿಂದಲೂ ಬಂದುದು.

ಗೊತ್ತಾದ ಒಂದೇ ವೇಗ, ಅದನ್ನು ಗುಣಿಸುವ ಒಂದು ದೀರ್ಘಕಾಲ, ಬರುವ ಗುಣಲಬ್ಧವೇ ದೂರ! ಜ್ಯೋತಿರ್ವರ್ಷದ ರಚನೆಯೂ ಇದೇ ಅಲ್ಲವೆ? ಬೆಳಕಿನ ಸ್ಥಾನದಲ್ಲಿ ಗ್ರಹ, ವರ್ಷದ ಸ್ಥಾನದಲ್ಲಿ ಯುಗ, ಇಷ್ಟೇ ಭೇದ. ಬೆಳಕಿನ ವೇಗವು ಎಲ್ಲೆಡೆಯೂ ಒಂದೇ ಎಂಬುದು ಪರೀಕ್ಷೆಗೆ ನಿಂತಿತು, ಗ್ರಹಗಳ ವೇಗವೆಲ್ಲ ಸಮಾನವೆಂಬ ಊಹೆಯು ನಿಲ್ಲಲಿಲ್ಲ. ಆ ಊಹೆಯ ಫಲವಾಗಿ ಸೂರ್ಯನು ಚಂದ್ರನಿಗಿಂತ ಹದಿಮೂರು ಪಟ್ಟು ಚಿಲ್ಲರೆ ದೂರದಲ್ಲಿರಬೇಕಾಯಿತು, ಇರುವುದೋ 389 ಪಟ್ಟು. ಆದರೂ ಮಾನದ ಕಲ್ಪನೆ ಒಂದೇ ಜಾತಿಯದಾದುದರಿಂದ ಪರಿವರ್ತನೆಯನ್ನು ಮಾಡಿಯೇ ನೋಡಬೇಕೆಂಬ ಆಸೆಯನ್ನು ತಡೆಯಲಾಗದು. ಆರ್ಯಭಟನ ಯೋಜನವನ್ನು ಮೇಲೆ ಕಂಡಂತೆ 12.1 ಕಿಲೋಮೀಟರ್ ಎಂದು ಹಿಡಿದರೆ ಅವನ ಆಕಾಶದ ಪರಿಧಿಯು 16 ಜ್ಯೋತಿರ್ವರ್ಷ. ತ್ರಿಜ್ಯವು ಎರಡೂವರೆ ಜ್ಯೋತಿರ್ವರ್ಷ, ಎಂದರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯ ಅರ್ಧದಾರಿಗಿಂತ ತುಸು ಆಚೆಗೆ. ಸೂರ್ಯಸಿದ್ಧಾಂತದ ಪರಿಧಿಯು ಸುಮಾರು 15,700 ಜ್ಯೋತಿರ್ವರ್ಷ, ತ್ರಿಜ್ಯವು 2,500. ಆಕಾಶಗಂಗೆಯ ತಟ್ಟೆಯಲ್ಲಿ ಇದೊಂದು ಚಿಕ್ಕ ವೃತ್ತವಷ್ಟೆ. ಆದರೆ ಟಾಲೆಮಿಯು ಸೂರ್ಯನನ್ನೇ 1,210 ಭೂತ್ರಿಜ್ಯಗಳಲ್ಲಿ ನಿಲ್ಲಿಸಿ, ಅದಕ್ಕೆ ಸುಮಾರು ಹದಿನೇಳು ಪಟ್ಟು ಮಾತ್ರದ ದೂರದಲ್ಲಿ ನಕ್ಷತ್ರಗಳ ಗೋಳವನ್ನು ಮುಚ್ಚಿಬಿಟ್ಟುದನ್ನು ನೆನೆದರೆ, ಇಷ್ಟು ವಿಶಾಲವಾದ ಅಂಗಳವನ್ನು ಬಯಸಿದ ಮನಸ್ಸು ಸಾಮಾನ್ಯದ್ದಲ್ಲವೆಂದು ಒಪ್ಪಬೇಕು.

ಇನ್ನು ಕೋನದ ಬಳಗ. ಭೂಮಿಯು ಸೂರ್ಯನನ್ನು ಸುತ್ತುವಾಗ ಆರು ತಿಂಗಳ ಅಂತರದಲ್ಲಿ ತನ್ನ ಕಕ್ಷೆಯ ಎರಡು ಕೊನೆಗಳಿಂದ ನಾವು ನಕ್ಷತ್ರವನ್ನು ನೋಡುತ್ತೇವಾದುದರಿಂದ ಸಮೀಪದ ನಕ್ಷತ್ರವು ದೂರದವುಗಳ ನಡುವೆ ಸ್ವಲ್ಪ ಓಲಾಡಿದಂತೆ ತೋರಬೇಕು. ಆ ಓಲಾಟದ ಅರ್ಧವೇ ಅದರ ವಾರ್ಷಿಕ ಲಂಬನ. ಲಂಬನವು ಸರಿಯಾಗಿ ಒಂದು ವಿಕಲೆಯಾಗಿರುವ ದೂರಕ್ಕೆ ಒಂದು ಪಾರ್ಸೆಕ್ ಎಂದು ಹೆಸರು; ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರವು ಒಂದು ಖಗೋಳಮಾನ. ಒಂದು ಪಾರ್ಸೆಕ್ಕಿನಲ್ಲಿ ಎಷ್ಟು ಖಗೋಳಮಾನಗಳಿರುವುವು? ಇದಕ್ಕೆ ದೂರದರ್ಶಕವಾಗಲಿ ವೇಧಶಾಲೆಯಾಗಲಿ ಬೇಕಿಲ್ಲ. ವೃತ್ತದಲ್ಲಿ 12,96,000 ವಿಕಲೆಗಳಿರುವುದರಿಂದ, ಪರಿಧಿಯನ್ನು ವಿಕಲೆಗಳಲ್ಲಿ ಎಣಿಸಿದಾಗ ತ್ರಿಜ್ಯವು ಎಷ್ಟು ವಿಕಲೆಗಳಷ್ಟು ಉದ್ದವಾಗುವುದೋ ಅದೇ ಉತ್ತರ: 2,06,265. ಆರ್ಯಭಟನ ಜ್ಯಾಖಂಡಗಳನ್ನು ಓದಿದವರು ಇಲ್ಲಿ ತಲೆಯೆತ್ತಿ ನೋಡಿಯಾರು. ಆ ಕೋಷ್ಟಕದ ತ್ರಿಜ್ಯವು 3,438 ಕಲೆಗಳು, ಪರಿಧಿಯ 21,600 ಕಲೆಗಳಿಗೆ ತಕ್ಕುದು. ಕಲೆಗಳನ್ನು ವಿಕಲೆ ಮಾಡಲು ಅರುವತ್ತರಿಂದ ಗುಣಿಸಿದರೆ 2,06,280 ಬರುತ್ತದೆ. ಪಾರ್ಸೆಕ್ಕೆಂಬ ಮಾನವು ಹುಟ್ಟುವುದಕ್ಕೆ ಹದಿನಾಲ್ಕು ಶತಮಾನಗಳ ಮೊದಲೇ ಅದರ ಗುಣಕವು, ಹದಿನೈದರಷ್ಟು ವ್ಯತ್ಯಾಸದಿಂದ, ಪಾಟಲೀಪುತ್ರದ ಕಡೆಯ ಒಂದು ಗ್ರಂಥದಲ್ಲಿ ಬೇರೊಂದು ಕೆಲಸಕ್ಕಾಗಿ ಸಿದ್ಧವಾಗಿ ಕುಳಿತಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ವೃತ್ತವು ಎಲ್ಲ ಕಾಲಕ್ಕೂ ವೃತ್ತವೇ. ಈ ಸೇತುವೆಯು ಕೇವಲ ರೇಖಾಗಣಿತದ್ದಾದುದರಿಂದಲೇ ಅದು ಎಂದೂ ಅಲುಗಲಿಲ್ಲ, ಅಲುಗುವುದೂ ಇಲ್ಲ.

ಅಲುಗಿದುದು ಖಗೋಳಮಾನದಿಂದ ಕಿಲೋಮೀಟರಿಗೆ ಹಾಕಿದ ಸೇತುವೆ. ಕೆಪ್ಲರನ ನಿಯಮಗಳು ಸೌರವ್ಯೂಹದ ನಕ್ಷೆಯನ್ನು ನಿರ್ದುಷ್ಟವಾಗಿ ಬರೆದುಕೊಟ್ಟವಾದರೂ ನಕ್ಷೆಯ ಕೆಳಗೆ ಪ್ರಮಾಣವನ್ನು ಬರೆಯದೆ ಬಿಟ್ಟುವು. ಅದನ್ನು ತುಂಬುವುದಕ್ಕಾಗಿ ಶುಕ್ರನು ಸೂರ್ಯಬಿಂಬದ ಮೇಲೆ ಹಾಯುವ ಅಪರೂಪದ ಸಂದರ್ಭಗಳಲ್ಲಿ, 1761ರಲ್ಲಿಯೂ 1769ರಲ್ಲಿಯೂ, ಯೂರೋಪಿನ ಜ್ಯೋತಿಷಿಗಳು ಭೂಮಂಡಲದ ನಾನಾ ಮೂಲೆಗಳಿಗೆ ಹೊರಟರು. ಅವರಲ್ಲಿ ಫ್ರೆಂಚನಾದ ಲ ಜಾಂತೀಲನಷ್ಟು ದುರ್ದೈವಿ ಇನ್ನೊಬ್ಬನಿಲ್ಲ. ಪಾಂಡಿಚೇರಿಗೆಂದು ಹೊರಟ ಅವನು ಹತ್ತಿರ ಬರುವ ವೇಳೆಗೆ ಆ ಊರು ಇಂಗ್ಲಿಷರ ವಶವಾಗಿ, ಮೊದಲನೆಯ ಸಂಕ್ರಮಣವನ್ನು ತೂಗಾಡುವ ಹಡಗಿನ ಮೇಲಿನಿಂದ ನೋಡಬೇಕಾಯಿತು. ಅಲ್ಲಿ ಮಾಡಿದ ಅಳತೆಯು ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ಎಂಟು ವರ್ಷ ಈ ಭಾಗದಲ್ಲೇ ಉಳಿದು, ಫ್ರೆಂಚರಿಗೆ ಮರಳಿ ಬಂದ ಪಾಂಡಿಚೇರಿಯಲ್ಲಿ ವೇಧಶಾಲೆಯನ್ನು ಕಟ್ಟಿಕೊಂಡು ಎರಡನೆಯದಕ್ಕಾಗಿ ಕಾದು ಕುಳಿತ. ಆ ಬೆಳಗ್ಗೆ ಮೋಡ ಕವಿಯಿತು. ಊರಿಗೆ ಹಿಂದಿರುಗಿದಾಗ ಅವನು ಸತ್ತನೆಂದೇ ನಿಶ್ಚಯಿಸಿ ದಾಯಾದಿಗಳು ಆಸ್ತಿಯನ್ನು ಹಂಚಿಕೊಳ್ಳುವುದರಲ್ಲಿದ್ದರು. ಉಳಿದವರ ವೇಧಗಳನ್ನು ಒಟ್ಟುಗೂಡಿಸಿ 1771ರಲ್ಲಿ ಲಲಾಂದನು ಖಗೋಳಮಾನವು 15.3 ಕೋಟಿ ಕಿಲೋಮೀಟರ್ ಎಂದು ನಿರ್ಣಯಿಸಿದನು. 1874ರ ಸಂಕ್ರಮಣದ ಹೊತ್ತಿಗೆ ಮದರಾಸು ವೇಧಶಾಲೆಯ ಚಿಂತಾಮಣಿ ರಘುನಾಥಾಚಾರಿಯವರು ಅದನ್ನು ಜನಸಾಮಾನ್ಯರಿಗೆ ವಿವರಿಸುವ ಕಿರುಹೊತ್ತಗೆಯೊಂದನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರಡಿಸಿದರೆಂಬುದನ್ನು ನಮ್ಮವರು ಮರೆಯಬಾರದು. ಕಡೆಗೆ 1961ರಲ್ಲಿ ರೇಡಾರ್ ಅಲೆಗಳನ್ನು ಶುಕ್ರನತ್ತ ಎಸೆದು ಪ್ರತಿಧ್ವನಿಯನ್ನು ಹಿಡಿದಾಗ 14.96 ಕೋಟಿ ಕಿಲೋಮೀಟರ್ ಎಂಬ ಬೆಲೆಯು ನಿಂತಿತು.

ಲಲಾಂದನ ಬೆಲೆಗೂ ಇದಕ್ಕೂ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಖಗೋಳಮಾನದಲ್ಲಾಗಲಿ ಪಾರ್ಸೆಕ್ಕಿನಲ್ಲಾಗಲಿ ಬರೆದ ನಕ್ಷತ್ರದೂರಗಳು ಇದರಿಂದ ಒಂದಿನಿತೂ ಕದಲವು. ಕಿಲೋಮೀಟರಿನಲ್ಲಿ ಬರೆದುವಾದರೋ ಒಂದೇ ಏಟಿಗೆ ಎಲ್ಲವೂ ತಪ್ಪುವುವು. ವೃತ್ತಿಯ ಖಗೋಳಜ್ಞನು ಪಾರ್ಸೆಕ್ಕನ್ನು ಬಿಡದಿರುವುದಕ್ಕೆ ಕಾರಣವನ್ನು ಇಲ್ಲಿಯೇ ಕಾಣಬಹುದು. ಅವನು ಅಳೆಯುವುದು ಕೋನವನ್ನು. ಕೋನದ ವಿಲೋಮವನ್ನು ತೆಗೆದುಕೊಂಡರೆ ಪಾರ್ಸೆಕ್ ಸಿದ್ಧವಾಗುವುದು. ನಡುವೆ ಪರರ ಅಳತೆಯ ಹಂಗಿಲ್ಲ. 2012ರಲ್ಲಿ ಬೀಜಿಂಗಿನಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಖಗೋಳಮಾನವೆಂದರೆ ಸರಿಯಾಗಿ 1,49,59,78,70,700 ಮೀಟರ್ ಎಂದು ಗೊತ್ತುಮಾಡಿ ಈ ಅನಿಶ್ಚಯಕ್ಕೆ ಮುಕ್ತಾಯ ಹಾಡಿತು. ಅಂದಿನಿಂದ ಅದು ಅಳೆಯುವ ವಸ್ತುವಲ್ಲ, ಒಪ್ಪಂದದ ಸಂಖ್ಯೆ.

ಜ್ಯೋತಿರ್ವರ್ಷದ ಕಥೆಯು ಕೊಂಚ ವಿನೋದದ್ದು. 1838ರಲ್ಲಿ ಕೋನಿಗ್ಸ್‌ಬರ್ಗಿನ ಬೆಸೆಲನು ರಾಜಹಂಸ ರಾಶಿಯ 61ನೆಯ ನಕ್ಷತ್ರದ ಲಂಬನವನ್ನು 0.314 ವಿಕಲೆಯೆಂದು ಕಂಡು, ಅದರ ದೂರವು 6,57,700 ಖಗೋಳಮಾನವೆಂದು ಪ್ರಕಟಿಸಿದನು. ಇಷ್ಟು ದೊಡ್ಡ ಸಂಖ್ಯೆಯು ಯಾರ ಮನಸ್ಸಿಗೂ ಹತ್ತದೆಂದೋ ಏನೋ, ಬೆಳಕಿಗೆ ಈ ದೂರವನ್ನು ದಾಟಲು 10.3 ವರ್ಷ ಬೇಕೆಂಬ ಮಾತನ್ನೂ ಸೇರಿಸಿದನು. ಅದೇ 6,57,700ನ್ನು ಇಂದಿನ ಗುಣಕವಾದ 63,241ರಿಂದ ಭಾಗಿಸಿದರೆ ಬರುವುದು 10.4. ಭಾಗಾಕಾರದಲ್ಲಿ ತಪ್ಪಿಲ್ಲ; ಅಂದು ಪ್ರಚಲಿತವಾಗಿದ್ದ ಸೇತುವೆ ಬೇರೆ. ಗುರುಗ್ರಹದ ಚಂದ್ರರ ಗ್ರಹಣಗಳಿಂದ ದೆಲಾಂಬ್ರನು ಸಾಧಿಸಿದ್ದಂತೆ ಬೆಳಕು ಸೂರ್ಯನಿಂದ ಭೂಮಿಗೆ ಬರಲು 493 ಸೆಕೆಂಡು ಬೇಕಾಗುತ್ತಿತ್ತು, ಈಗ ನಾವು ಬಲ್ಲ ಬೆಲೆಯು 499. ಆರು ಸೆಕೆಂಡುಗಳ ಆ ಕೊರತೆಯು ಹತ್ತು ವರ್ಷಗಳ ಪಯಣದಲ್ಲಿ ಒಂದು ತಿಂಗಳಿಗೂ ಮಿಗಿಲಾಗಿ ಬೆಳೆಯಿತು. ನಕ್ಷತ್ರದ ನಿಜವಾದ ಲಂಬನವು 0.286 ವಿಕಲೆ, ದೂರವು 11.4 ಜ್ಯೋತಿರ್ವರ್ಷವೆಂಬುದು ಬೇರೆಯ ವಿಷಯ. ಅದು ಕೋನದ ತಪ್ಪು, ಇದು ಪರಿವರ್ತನೆಯ ತಪ್ಪು. ಇವೆರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸವು ಓದುಗನಿಗೆ ಬಂದರೆ ಹಳೆಯ ಗ್ರಂಥಗಳ ಅರ್ಧ ಗೊಂದಲವು ತಾನಾಗಿ ಬಗೆಹರಿಯುವುದು.

ಬೆಸೆಲನು ವರ್ಷಗಳನ್ನು ಹೇಳಿದನಾದರೂ ಅದನ್ನೊಂದು ಮಾನವಾಗಿ ಬಳಸಲಿಲ್ಲ. ಜರ್ಮನಿಯಲ್ಲಿ ಓಟ್ಟೊ ಊಲೆಯು 1851ರಲ್ಲಿ ಜನಸಾಮಾನ್ಯರಿಗಾಗಿ ಬರೆದ ಲೇಖನದಲ್ಲಿ ಆ ಹೆಸರು ಕಾಣಿಸಿಕೊಂಡಿತು. ಕಾಲದ ಹೆಸರಿನಿಂದ ದೂರವನ್ನು ಹೇಳುವುದು ವಿಚಿತ್ರವೆನಿಸಬಹುದೆಂದು ಶಂಕಿಸಿ, ನಡೆದು ಹೋಗುವ ಗಂಟೆಗಳಲ್ಲಿ ಊರುಗಳ ದೂರವನ್ನು ಎಣಿಸುವುದಿಲ್ಲವೆ ಎಂದು ಅವನು ಸಮಾಧಾನ ಹೇಳಿದನು. ಹೀಗೆ ಜನರಿಗಾಗಿ ಹುಟ್ಟಿದ ಮಾನವು ಪಂಡಿತರ ಗ್ರಂಥಗಳೊಳಗೂ ನುಸುಳಿದುದನ್ನು ಕಂಡು ಎಡಿಂಗ್ಟನ್ನನು ಅದು ಅನುಕೂಲವೂ ಅಲ್ಲ, ಪ್ರಸ್ತುತವೂ ಅಲ್ಲವೆಂದು ಗೊಣಗಿದನು. ನನಗೆ ಎಡಿಂಗ್ಟನ್ನನ ಪಕ್ಷ ಹಿಡಿಯಲು ಮನಸ್ಸಿಲ್ಲ. ದೇವಯಾನಿ ನೀಹಾರಿಕೆಯು 780 ಕಿಲೋಪಾರ್ಸೆಕ್ ದೂರದಲ್ಲಿದೆಯೆಂದಾಗ ಲೇಖನಿಗೆ ಒಂದು ಸಂಖ್ಯೆ ಸಿಕ್ಕಿತು. ಅದರ ಬೆಳಕು ಇಪ್ಪತ್ತೈದು ಲಕ್ಷ ವರ್ಷಗಳ ಹಿಂದೆ ಹೊರಟುದೆಂದಾಗ, ಭೂಮಿಯ ಮೇಲೆ ನಮ್ಮ ಕುಲವೇ ಇನ್ನೂ ಹುಟ್ಟಿರದ ಕಾಲದ ಚಿತ್ರವನ್ನು ಈಗ ನೋಡುತ್ತಿದ್ದೇವೆಂಬ ಅರಿವೂ ಜೊತೆಗೆ ಸಿಕ್ಕಿತು.

ಪಾರ್ಸೆಕ್ಕೆಂಬ ಹೆಸರು ಬಂದುದು 1913ರಲ್ಲಿ. ಇಂಗ್ಲೆಂಡಿನ ರಾಜಜ್ಯೋತಿಷಿ ಫ್ರಾಂಕ್ ಡೈಸನ್ ಒಂದು ಪ್ರಬಂಧದಲ್ಲಿ ಈ ದೂರಕ್ಕೊಂದು ಹೆಸರು ಬೇಕೆಂದು ತಿಳಿಸಿ, ಲುಂಡಿನ ಕಾರ್ಲ್ ಶಾರ್ಲಿಯೆಯು ಸಿರಿಯೋಮೀಟರನ್ನು ಸೂಚಿಸಿರುವನೆಂದೂ, ಆಕ್ಸ್‌ಫರ್ಡಿನ ಹರ್ಬರ್ಟ್ ಹಾಲ್ ಟರ್ನರನು ಪಾರ್ಸೆಕ್ ಎಂಬುದನ್ನು ಸೂಚಿಸಿರುವನೆಂದೂ ಟಿಪ್ಪಣಿಯಿಟ್ಟನು. (ಈ ಟರ್ನರನೇ 1930ರಲ್ಲಿ, ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ಹೊಸ ಗ್ರಹಕ್ಕೆ ಹೇಳಿದ ಪ್ಲೂಟೋ ಎಂಬ ಹೆಸರನ್ನು ಅಮೆರಿಕೆಗೆ ತಂತಿಯ ಮೂಲಕ ತಲಪಿಸಿದವನು.) ಸಿರಿಯೋಮೀಟರೆಂದರೆ ಹತ್ತು ಲಕ್ಷ ಖಗೋಳಮಾನ, ಗುಣಿಸಲು ಬಲು ಸುಲಭ. ಅದು 4.85 ಪಾರ್ಸೆಕ್ಕಿಗೆ, ಅಥವಾ 15.8 ಜ್ಯೋತಿರ್ವರ್ಷಕ್ಕೆ ಸಮ. ಇದು ಆರ್ಯಭಟನ ಆಕಾಶಪರಿಧಿಗೆ ನೂರಕ್ಕೆ ಒಂದೆರಡರೊಳಗೆ ಹೊಂದುವುದು ಬರಿಯ ಕಾಕತಾಳೀಯ. ಇದನ್ನು ಹಿಡಿದುಕೊಂಡು ಯಾರೂ ಪ್ರಬಂಧ ಬರೆಯತೊಡಗಬಾರದು. ಲುಬ್ಧಕದ ದೂರವನ್ನೇ ಆಕಾಶದ ಅಳತೆಗೋಲು ಮಾಡಿಕೊಳ್ಳುವ ಯೋಚನೆಯು ವಿಲಿಯಂ ಹರ್ಷೆಲನ ಕಾಲದಷ್ಟು ಹಳೆಯದು. ಎಲ್ಲ ನಕ್ಷತ್ರಗಳ ಸ್ವಂತ ಕಾಂತಿಯೂ ಸಮಾನವೆಂದು ಹಿಡಿದು, ಮಂಕಾದುವೆಲ್ಲ ಲುಬ್ಧಕಕ್ಕಿಂತ ಎಷ್ಟು ಪಟ್ಟು ದೂರವೆಂದು ಅವನು ಲೆಕ್ಕ ಹಾಕಿದ್ದನು. ಶಾರ್ಲಿಯೆಯ ಮಾನವು ಆ ನಕ್ಷತ್ರದ ಹೆಸರನ್ನು ಹೊತ್ತರೂ ನಿಜವಾದ ಲುಬ್ಧಕವು ಅದರ ಅರ್ಧಕ್ಕಿಂತ ತುಸು ಆಚೆಯಲ್ಲೇ ಸಿಕ್ಕಿಬಿಡುವುದು. ದುಂಡುಸಂಖ್ಯೆಯ ಸೊಗಸಿದ್ದರೂ ಅದು ಯಾರ ಅಳತೆಯಿಂದಲೂ ನೇರವಾಗಿ ಹುಟ್ಟಲಿಲ್ಲ. ಬಹುಶಃ ಆದುದರಿಂದಲೇ ಅದು ಬಾಳಲಿಲ್ಲ.

ಕೈಲೆಕ್ಕಕ್ಕೆ ಬೇಕಾದ ಗುಣಕಗಳು ಹೆಚ್ಚಿಲ್ಲ. ಒಂದು ಪಾರ್ಸೆಕ್ಕಿಗೆ 3.26 ಜ್ಯೋತಿರ್ವರ್ಷ, ಎಂದರೆ 30.86 ಲಕ್ಷ ಕೋಟಿ ಕಿಲೋಮೀಟರ್. ಒಂದು ಜ್ಯೋತಿರ್ವರ್ಷಕ್ಕೆ 9.46 ಲಕ್ಷ ಕೋಟಿ ಕಿಲೋಮೀಟರ್. ಅಂಗುಲ ಮೈಲಿಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದ ಹಿರಿಯರಿಗೆ ಇನ್ನೊಂದು ಸುಲಭೋಪಾಯವಿದೆ: ಮೈಲಿಯೊಂದಕ್ಕೆ 63,360 ಅಂಗುಲಗಳು, ಜ್ಯೋತಿರ್ವರ್ಷವೊಂದಕ್ಕೆ 63,241 ಖಗೋಳಮಾನಗಳು. ಭೂಮಿಯನ್ನು ಸೂರ್ಯನಿಂದ ಒಂದು ಅಂಗುಲದಲ್ಲಿಟ್ಟು ನಕ್ಷೆ ಬರೆದರೆ ಜ್ಯೋತಿರ್ವರ್ಷವು ಹೆಚ್ಚುಕಡಮೆ ಒಂದು ಮೈಲಿ. ಲುಬ್ಧಕವು ಎಂಟೂವರೆ ಮೈಲಿಯಾಚೆಗೆ. 1977ರಲ್ಲಿ ಹೊರಟು ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿರುವ ವಾಯೇಜರ್ 1 ನೌಕೆಯು ಈ ನಕ್ಷೆಯಲ್ಲಿ ವರ್ಷಕ್ಕೆ ಮೂರೂವರೆ ಅಂಗುಲ ಸರಿಯುತ್ತದೆ. ಮೈಲಿ ಮುಗಿಸಲು ಅದಕ್ಕೆ 17,000 ವರ್ಷಗಳಿಗೂ ಮೇಲಾಗಿ ಬೇಕು.

ನಕ್ಷತ್ರಗಳನ್ನು ದಾಟಿ ನೀಹಾರಿಕೆಗಳ ಪ್ರಾಂತಕ್ಕೆ ಹೋದರೆ ಕೋಲು, ಕಾಲ, ಕೋನ ಮೂರೂ ಸೋಲುತ್ತವೆ. ಅಲ್ಲಿ ನೇರವಾಗಿ ಅಳೆಯಬಹುದಾದುದು ವೇಗವನ್ನು ಮಾತ್ರ: ವರ್ಣಪಟಲದ ರೇಖೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆಯೆಂಬುದರಿಂದ ನೀಹಾರಿಕೆಯು ಎಷ್ಟು ರಭಸದಿಂದ ದೂರ ಹೋಗುತ್ತಿರುವುದೆಂದು ತಿಳಿಯುವುದು, ದೂರ ಹೆಚ್ಚಿದಷ್ಟೂ ವೇಗವೂ ಹೆಚ್ಚೆಂದು 1929ರಲ್ಲಿ ಹಬಲ್ ತೋರಿಸಿದನು. ವೇಗವನ್ನು ದೂರಕ್ಕೆ ಪರಿವರ್ತಿಸುವ ಗುಣಕವೇ ಹಬಲ್ ನಿಯತಾಂಕ. ಅದರ ಮಾನವೂ ವಿಚಿತ್ರ: ಪ್ರತಿ ಮೆಗಾಪಾರ್ಸೆಕ್ಕಿಗೆ, ಸೆಕೆಂಡಿಗೆ ಇಷ್ಟು ಕಿಲೋಮೀಟರ್. ಒಂದೇ ಮಾನದ ಒಡಲಲ್ಲಿ ಕಿಲೋಮೀಟರೂ ಪಾರ್ಸೆಕ್ಕೂ, ಎರಡೂ ದೂರಗಳೇ, ಒಂದರ ಮೇಲೊಂದು ಕುಳಿತಿವೆ. ಒಂದನ್ನು ಇನ್ನೊಂದಕ್ಕೆ ತಿರುಗಿಸಿದೊಡನೆ ಎರಡೂ ಹೊಡೆದುಹೋಗಿ ಕಾಲವೊಂದೇ ಉಳಿಯುವುದು. ಬೆಲೆಯು 70 ಎಂದಿಟ್ಟುಕೊಂಡು ಭಾಗಿಸಿದರೆ ದೊರೆಯುವ ಕಾಲವು ಸುಮಾರು 1,400 ಕೋಟಿ ವರ್ಷ, ವಿಶ್ವದ ವಯಸ್ಸಿಗೆ ತೀರ ಸಮೀಪ.

ಹಬಲನು ಕೊಟ್ಟ ಬೆಲೆಯು 500ರ ಸುತ್ತಮುತ್ತ ಇತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಯಾಂಡೇಜನ ಪಂಗಡವು 50 ಎಂದೂ ದ ವೋಕುಲೂರನ ಪಂಗಡವು 100 ಎಂದೂ ವಾದಿಸುತ್ತಿದ್ದ ಕಾಲದಲ್ಲಿ, ಯಾರ ಮನಸ್ಸನ್ನೂ ನೋಯಿಸದಿರಲು ಖಗೋಳಜ್ಞರು ದೂರಗಳನ್ನು ಮೆಗಾಪಾರ್ಸೆಕ್ಕಿನಲ್ಲಿ ಬರೆದು ಅದರ ಕೆಳಗೆ ಎಚ್ ಎಂಬ ಅಕ್ಷರವನ್ನು ಛೇದವಾಗಿ ಇಡತೊಡಗಿದರು. ನಿಯತಾಂಕವು ನೂರರಲ್ಲಿ ಎಷ್ಟು ಭಾಗವೋ ಅದನ್ನು ಓದುಗನೇ ತನ್ನ ನಂಬಿಕೆಗನುಸಾರ ತುಂಬಿಕೊಳ್ಳಲಿ ಎಂದು ಅದರ ತಾತ್ಪರ್ಯ. ಗುಣಕವು ಗೊತ್ತಿಲ್ಲವೆಂಬುದನ್ನು ಮಾನದೊಳಕ್ಕೇ ಸೇರಿಸಿಬಿಟ್ಟ ಇಷ್ಟು ಪ್ರಾಮಾಣಿಕವಾದ ಅಳತೆ ಬೇರೊಂದು ಶಾಸ್ತ್ರದಲ್ಲಿದೆಯೋ ನಾನರಿಯೆ. ವಿಶ್ವದ ಆದಿಕಾಲದ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಿಂದ ಈಗ 67.4 ಬರುತ್ತದೆ, ಸ್ಪಂದಿಸುವ ಸಿಫೀಡ್ ತಾರೆಗಳನ್ನೂ ಸಿಡಿಯುವ ನಕ್ಷತ್ರಗಳನ್ನೂ ಮೆಟ್ಟಿಲಾಗಿ ಮಾಡಿಕೊಂಡವರಿಗೆ 73 ಬರುತ್ತದೆ. ಮಾನವು ಕಿಲೋಮೀಟರಾಗಲಿ, ಜ್ಯೋತಿರ್ವರ್ಷವಾಗಲಿ, ಪಾರ್ಸೆಕ್ಕಾಗಲಿ, ವೇಗದಿಂದ ಎಣಿಸಿದ ನೀಹಾರಿಕೆಯ ದೂರವು ಈ ಇಬ್ಬರ ಲೆಕ್ಕದಲ್ಲಿಯೂ ಇಂದಿಗೂ ನೂರಕ್ಕೆ ಎಂಟರಷ್ಟು ಬೇರೆಯಾಗಿಯೇ ಇದೆ.